ನಲವತ್ತಮೂರಾ, ನಲವತ್ತೇಳಾ?

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಹಿತ್ತಲ ಬೇಲಿ ಆಚೆ ಒಂದು ಪಾಳು ಜಾಗ, ಅದು ದಾಟಿದರೆ ರೈಲು ಕಂಬಿ. ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆ ಹಲಗೆ ಮೇಲಿನ ಸ್ಟೀಲ್ ಲೋಟಗಳು ಗಿರ್ ಅಂತ ಸರಿಯುತ್ತಾ ತುದಿಗೆ ಬರುತ್ತಿದ್ದವು. ಅಮ್ಮ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿದ ಮೇಲೆ ಅದು ನಿಂತಿತು. ನೆಂಟರು ಮಾತ್ರ ಎರಡನೇ ರಾತ್ರಿ ಉಳಿಯುತ್ತಿರಲಿಲ್ಲ.

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ಮೀಟರ್‌ಗೇಜ್, ಅಂದರೆ ಎರಡು ಕಂಬಿ ನಡುವೆ ಒಂದು ಮೀಟರ್ ಅಂತರದ ಹಳಿ, ನನ್ನ ಬಾಲ್ಯದಲ್ಲೂ ಇತ್ತು. ನಮ್ಮ ಬೀದಿಯಲ್ಲಿ ಹಳಿ ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್ ಮಾಮ ಇದ್ದರು. ಕಂಬಿ ಮೇಲೆ ನಾಲ್ಕಾಣೆ ಇಡಲು ಹೋಗಿ ಅವರ ಕೈಲಿ ಸರಿಯಾಗಿ ಒದೆ ತಿಂದೆ. ಅದಾದ ಮೇಲೆ ಅವರೇ ಒಂದು ಆಟ ಹೇಳಿಕೊಟ್ಟರು. "ಏನ್ಲಾ, ರೈಲ್‌ನಲ್ಲಿ ಸುಮ್ನೆ ಕೂರ್ತೀಯಾ? ಟಕಟಕ ಎಣ್ಸು. ನಲವತ್ತಮೂರು ಸೆಕೆಂಡಿಗೆ ಎಷ್ಟು ಬರುತ್ತೋ, ಗಾಡಿ ಅಷ್ಟೇ ಸ್ಪೀಡು."

ಇದು ಮಂತ್ರವಲ್ಲ. ಮೀಟರ್‌ಗೇಜ್‌ನ ಒಂದೊಂದು ಕಂಬಿ 12 ಮೀಟರ್ ಉದ್ದ. ಫಿಶ್‌ಪ್ಲೇಟ್ ಅನ್ನೋ ಕಬ್ಬಿಣದ ಪಟ್ಟಿ ಹಾಕಿ ಜೋಡಿಸಿದ ಕಡೆ ಸಣ್ಣ ಸಂದು ಇರುತ್ತದೆ. ಅದರ ಮೇಲೆ ಚಕ್ರ ಹಾದರೆ ಸದ್ದು. ಗಂಟೆಗೆ 1 ಕಿಲೋಮೀಟರ್ ವೇಗದಲ್ಲಿ 12 ಮೀಟರ್ ಹೋಗಲು ಬೇಕಾದ್ದು ಸುಮಾರು 43 ಸೆಕೆಂಡ್. ಹಾಗಾಗಿ 43 ಸೆಕೆಂಡಿನಲ್ಲಿ 50 ಸಂದು ದಾಟಿದರೆ ವೇಗ 50. ಜೋಡಿ ಚಕ್ರದ 'ಟಕಟಕ'ವನ್ನು ಒಂದೇ ಅಂತ ಎಣಿಸಬೇಕು. ಬಿಡಿಬಿಡಿಯಾಗಿ ಎಣಿಸಿದರೆ ಪ್ಯಾಸೆಂಜರ್ ಗಾಡಿ ವಿಮಾನವಾಗುತ್ತದೆ!

ಮುಂದೆ ಒಂದು ಸಲ ಬಂಗಾರಪೇಟೆ ಕಡೆ ಬ್ರಾಡ್‌ಗೇಜ್ (ಅಗಲ ಹಳಿ) ರೈಲಿನಲ್ಲಿ ಹೋಗುತ್ತಿದ್ದೆ. ಜಂಬದಿಂದ ಗೆಳೆಯನ ಮುಂದೆ ಎಣಿಸಿದೆ. 55 ಬಂತು. ಅವನು ಕಿಟಕಿಯಿಂದ ಕಿಲೋಮೀಟರ್ ಕಲ್ಲು ನೋಡಿ, ಗಡಿಯಾರ ಹಿಡಿದು, ಸರಿಯಾಗಿ ಒಂದು ನಿಮಿಷ ಅಂದ. ಅಂದರೆ 60. ಎರಡು ಸಲ ಎಣಿಸಿದರೂ ನನ್ನದು ಅಷ್ಟೇ. ಊರಿಗೆ ಬಂದು ಮಾಮನನ್ನು ಕೇಳಿದರೆ ಬಿದ್ದು ಬಿದ್ದು ನಕ್ಕರು. ಬ್ರಾಡ್‌ಗೇಜ್ ಕಂಬಿ 13 ಮೀಟರ್ ಅಂತೆ. 47 ಸೆಕೆಂಡ್ ಎಣಿಸಬೇಕಿತ್ತು.

ಆಮೇಲೆ ನಮ್ಮ ಲೈನೂ ಬ್ರಾಡ್‌ಗೇಜ್ ಆಯ್ತು. ಈಗ ಕಂಬಿಗಳನ್ನು ಬೆಸುಗೆ ಹಾಕಿ ಉದ್ದಕ್ಕೆ ಸೇರಿಸುತ್ತಾರೆ. ಪ್ರಯಾಣಕ್ಕೆ ಸುಖ, ಎಣಿಸೋಕೆ ಏನೂ ಇಲ್ಲ. ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಒಂಚೂರು ಸದ್ದು, ಅಷ್ಟೇ. ಹಾಗಾಗಿ ಈಗ ಗೆಳೆಯನ ದಾರಿಯೇ ನನ್ನದು. ಕರೆಂಟ್ ಕಂಬದ ಫಲಕದಲ್ಲಿ ಮೇಲಿನ ಸಂಖ್ಯೆ ಕಿಲೋಮೀಟರಿನದು. ಅದು ಬದಲಾದಾಗ ಶುರು, ಮತ್ತೆ ಬದಲಾದಾಗ ನಿಲ್ಲಿಸು. ಬಂದ ಸೆಕೆಂಡಿನಿಂದ 3600 ಅನ್ನು ಭಾಗಿಸು. ಕಿಟಕಿಯ ಒಳಗೇ ಕೂತು ನೋಡಬೇಕು, ಬಾಗಿಲಲ್ಲಿ ಜೋತುಬಿದ್ದು ಅಲ್ಲ.

ಮೊನ್ನೆ ಹಿರೇಹಳ್ಳಿ ದಾಟಿದ ಮೇಲೆ 38 ಸೆಕೆಂಡ್ ಬಂತು. "ತೊಂಬತ್ತೈದು" ಅಂತ ಗೊಣಗಿಕೊಂಡೆ. ಪಕ್ಕದ ಹುಡುಗ ಮೊಬೈಲ್ ತೋರಿಸಿ, "ತೊಂಬತ್ತಾರು ಸಾರ್" ಅಂದ. ಒಂದು ಕಿಲೋಮೀಟರ್ ತಾನೇ, ಅವನಿಗೇ ಬಿಟ್ಟುಕೊಟ್ಟೆ.