ಉಚಿತ ನರ್ಸಿಂಗ್ ಪುಸ್ತಕವನ್ನು ನಮ್ಮ ವಾರ್ಡಿಗೆ ಇಳಿಸಿದ್ದು: ನನ್ನ ಅನುಭವ

"ಫ್ರೀ ಪುಸ್ತಕ ಅಂದ್ರೆ ಅಷ್ಟೇ ಮೇಡಂ, ಪರೀಕ್ಷೆಗೆ ಆಗಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಈ ಸಲ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ನನ್ನ 40 ಮಕ್ಕಳಲ್ಲಿ 37-38 ಜನ ಎಲ್ಲೂ ತಡವರಿಸಲಿಲ್ಲ. ಹೊರಗಿನಿಂದ ಬಂದ ಎಕ್ಸಾಮಿನರ್ ನಮ್ಮ ಪುಸ್ತಕದ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು.

ನಾನು ಹಿಡಿದದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಚಿಪ್ಪೆವಾ ವ್ಯಾಲಿ ಟೆಕ್ನಿಕಲ್ ಕಾಲೇಜಿನ ಓಪನ್ ಆರ್‌ಎನ್ ಅನ್ನುವ ಉಚಿತ ಪಠ್ಯಪುಸ್ತಕ ಯೋಜನೆಯ ಪುಸ್ತಕ, ನರ್ಸಿಂಗ್ ಸ್ಕಿಲ್ಸ್. ಯಾರು ಬೇಕಾದರೂ ಬಳಸಬಹುದಾದ ಸಿಸಿ ಬೈ (ಕ್ರಿಯೇಟಿವ್ ಕಾಮನ್ಸ್) ಲೈಸೆನ್ಸ್. ಅವರ ಹೆಸರು, ಲೈಸೆನ್ಸಿನ ಲಿಂಕ್ ಹಾಕಿ, ಬದಲಾಯಿಸಿದ್ದೇವೆ ಅಂತ ತಿಳಿಸಿದರೆ ಸಾಕು. ತಿದ್ದಬಹುದು, ಅಚ್ಚೂ ಹಾಕಬಹುದು.

ಮೊದಲ ವರ್ಷ ಪಿಡಿಎಫ್ ಅನ್ನು ಸುಮ್ನೆ ವಾಟ್ಸಾಪ್‌ಗೆ ಹಾಕಿದೆ. ಯಾರೂ ಓದಲಿಲ್ಲ. ವಾರ್ಡಿನಲ್ಲಿ ಫೋನ್ ತೆಗೆಯುವ ಹಾಗಿಲ್ಲ, ಹಾಸ್ಟೆಲಿನಲ್ಲಿ ನೆಟ್ ಸಿಗಲ್ಲ. ಆಮೇಲೆ ಮೆಷಿನ್ ಅನುವಾದ. ಗಾಯದಿಂದ ಸೋರುವ ಡಿಸ್ಚಾರ್ಜ್ "ಬಿಡುಗಡೆ" ಆಯಿತು, ಮಲ ಅನ್ನುವ ಅರ್ಥದ ಸ್ಟೂಲ್ "ಮಣೆ" ಆಯಿತು. ಎರಡು ತಿಂಗಳು ಹಾಳು.

ಕೊನೆಗೆ ಕೂತು ನಾನೇ ಕನ್ನಡಕ್ಕೆ ಇಳಿಸಿ ಬರೆದೆ. ಸುಮಾರು 90 ಪುಟ. ಜೆರಾಕ್ಸ್, ಸ್ಪೈರಲ್ ಸೇರಿ ಪ್ರತಿಗೆ 85 ರೂಪಾಯಿ ಬಿತ್ತು, 3,400 ಕೈಯಿಂದಲೇ ಹೋಯಿತು. ಎರಡನೇ ವಾರ ಡ್ರೆಸ್ಸಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ರಕ್ತದಲ್ಲಿ ನೆನೆದ ಗಾಜ್ ಬಟ್ಟೆ ತೆಗೆದು ಕಸದ ಕೆಂಪು ಬಕೆಟ್‌ಗೆ ಹಾಕಿದಳು. ಇನ್‌ಚಾರ್ಜ್ ಸಿಸ್ಟರ್ ರೇಗಿದರು. ಅವಳು ಪುಟ ತೆರೆದು ತೋರಿಸಿದಳು, ಕಣ್ಣಲ್ಲಿ ನೀರು. ತಪ್ಪು ನನ್ನದು. ಅಮೆರಿಕದಲ್ಲಿ ಅದು ಕೆಂಪು ಚೀಲಕ್ಕೇ ಹೋಗುತ್ತದೆ, ನಾನು ಹಾಗೇ ಇಳಿಸಿದ್ದೆ. ನಮ್ಮ 2016ರ ಆಸ್ಪತ್ರೆ ತ್ಯಾಜ್ಯ ನಿಯಮದಲ್ಲಿ ಅದು ಹಳದಿಗೆ. ಕೆಂಪಿಗೆ ಡ್ರಿಪ್ ಹಾಕುವ ಐವಿ ಸೆಟ್, ಕ್ಯಾತಿಟರ್ ನಳಿಕೆ, ಗ್ಲೌಸ್. ನಲವತ್ತೂ ಪ್ರತಿ ವಾಪಸ್ ತರಿಸಿದೆ.

ಆಮೇಲೆ ಅದೇ ಸಿಸ್ಟರ್ ಹತ್ತಿರ ಹೋಗಿ, ಅವರ ಡ್ಯೂಟಿ ಮುಗಿದ ಮೇಲೆ ಸಾಲುಸಾಲೂ ನೋಡಿದೆವು. ಅಮೆರಿಕದ ಹೆಸರುಗಳ ಬದಲು ನಮ್ಮವು: ಅಸಿಟಮಿನೋಫೆನ್ ಹೋಗಿ ಪ್ಯಾರಾಸಿಟಮಾಲ್ ಬಂತು, ಎಪಿನೆಫ್ರಿನ್ ಹೋಗಿ ಅಡ್ರಿನಲಿನ್, ತುರ್ತು ಕರೆಯ 911 ಹೋಗಿ 108. ನಮ್ಮ ಟ್ರಾಲಿಯಲ್ಲಿ ಇಲ್ಲದ್ದನ್ನು ತೆಗೆದೆವು. ಕ್ರಿಮಿಶುದ್ಧ ಮಾಡಿದ ಬಟ್ಟೆ ಇಡುವ ಡ್ರಮ್, ಅದನ್ನು ಕೈ ತಾಗದಂತೆ ಎತ್ತುವ ಚೀಟಲ್ ಫೋರ್ಸೆಪ್ಸ್ ಇಕ್ಕಳ ಸೇರಿಸಿದೆವು. ಹೆಸರುಗಳು ಇಂಗ್ಲಿಷಿನವೇ, ಕೆಲಸ ಮಾತ್ರ ಕನ್ನಡದಲ್ಲಿ: "ಒಳಗಿಂದ ಹೊರಕ್ಕೆ ಒರೆಸಿ. ಒಂದು ಸ್ವಾಬ್, ಒಂದೇ ಸಲ." ಒಟ್ಟು ಪುಟಗಳು 50ರ ಒಳಗೆ ಇಳಿದವು, ಖರ್ಚು ಪ್ರತಿಗೆ ಐವತ್ತು ರೂಪಾಯಿ ಚಿಲ್ಲರೆ.

ನಡುವೆ ಪಾಠಗಳನ್ನು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿಯೂ ಕಳಿಸಿದೆ. ಔಷಧಿ ಪಾಠ ಯಾರಿಗೂ ಬೇಡವಾಯಿತು. ವೈಟಲ್ಸ್ (ನಾಡಿ, ಜ್ವರ, ಬಿಪಿ ನೋಡುವುದು) ಪಾಠ ಮಾತ್ರ ಊರಿಗೆ ಹೋಗುವ ಬಸ್ಸಿನಲ್ಲಿ ಕೇಳುತ್ತಾರಂತೆ.

ಪ್ರತಿ ಪ್ರೊಸೀಜರ್ ಕೊನೆಗೆ ಎರಡು ಖಾಲಿ ಸಾಲು ಬಿಟ್ಟಿದ್ದೇನೆ. ಅಲ್ಲಿ ಏನು ಬರೆಸುತ್ತೇನೆ ಅಂತ ಈಗಲೇ ಹೇಳಲ್ಲ, ಇನ್ನೊಂದು ಬ್ಯಾಚ್ ಮುಗಿಯಲಿ.

ಆ ಹುಡುಗಿ ಈಗ ಎರಡನೇ ವರ್ಷ. ಹೊಸ ಪ್ರತಿಯ ಡ್ರೆಸ್ಸಿಂಗ್ ಪುಟ ಕೊನೆಗೆ ಓದಿ ನೋಡಿದ್ದು ಅವಳೇ.