ಅಕ್ಕನ ರೆಸಿಪಿಲಿರೋ ಕಪ್ಪು ನಮ್ಮನೆ ಕಾಫಿ ಲೋಟ ಅಲ್ಲ

ಅಮೆರಿಕದಲ್ಲಿರೋ ಅಕ್ಕ ಬನಾನಾ ಬ್ರೆಡ್ ರೆಸಿಪಿ ಕಳಿಸ್ತಾಳೆ, ಅದ್ರಲ್ಲಿ ಒಂದು ಕಪ್ ಮೊಸರು ಅಂತಿರತ್ತೆ, ನಾವು ಕೈಗೆ ಸಿಕ್ಕಿದ ಲೋಟದಲ್ಲಿ ಅಳದು ಹಾಕ್ಬಿಡ್ತೀವಿ, ಎಡವಟ್ಟಾಗೋದೇ ಅಲ್ಲಿ. ಅವರ ಕಪ್ಪು ನಮ್ಮಜ್ಜಿ ಕಾಲದ ಪಾವು, ಸೇರು ಥರ ಗೊತ್ತಾದ ಅಳತೆ, 236.6 ಮಿಲಿ. ಅಡುಗೆಗೆ 240 ಅಂತ ಇಟ್ಕೊಳ್ಳಿ, ಸಾಕು. ಅರ್ಧ ಕಪ್ 120, ಕಾಲು 60, ಮೂರರಲ್ಲೊಂದು ಭಾಗ 80. ಟೇಬಲ್ ಸ್ಪೂನ್ 15, ಟೀ ಸ್ಪೂನ್ 5.

ಎರಡು ಕಪ್ ಹಾಲು ಬೇಕಾ? ನಂದಿನಿ ಅರ್ಧ ಲೀಟರ್ ಪ್ಯಾಕೆಟ್ ಒಡೀರಿ, ಸರಿಯಾದ 236.6ರ ಲೆಕ್ಕದಲ್ಲಿ 473 ಮಿಲಿ ಹೋಗಿ ಸುಮಾರು 27 ಮಿಲಿ ಉಳಿಯತ್ತೆ, ಅಂದ್ರೆ ಎರಡು ಟೇಬಲ್ ಸ್ಪೂನಿಗೆ ಚೂರು ಕಮ್ಮಿ, ಅಷ್ಟನ್ನ ಕಾಫಿಗೆ ಎತ್ತಿಡಿ.

ಮೆಷರಿಂಗ್ ಕಪ್ ಇಲ್ದಿದ್ರೆ ದುಡ್ಡು ಕೊಟ್ಟು ತರೋ ಅಗತ್ಯ ಇಲ್ಲ. ಕಿಚನ್ ಸ್ಕೇಲ್ ಮೇಲೆ ಉದ್ದನೆ ಸ್ಟೀಲ್ ಲೋಟ ಇಟ್ಟು ಸೊನ್ನೆ ಮಾಡಿ, 240 ಗ್ರಾಂ ತೋರಿಸೋವರ್ಗೂ ನೀರು ಸುರೀರಿ, ಎಲ್ಲಿವರ್ಗೂ ಬಂತೋ ಅಲ್ಲಿ ಒಂದು ಗೀಟು ಹಾಕಿ, ಅದೇ ನಿಮ್ಮ ಕಪ್ಪು. ಗ್ರಾಮೂ ಮಿಲಿನೂ ಒಂದೇ ಆಗೋದು ನೀರಿಗೆ ಮಾತ್ರ, ಇದನ್ನ ಮರೀಬೇಡಿ ದಯವಿಟ್ಟು: ಒಂದು ಕಪ್ ಎಣ್ಣೆ ಸುಮಾರು 220 ಗ್ರಾಂ ತೂಗತ್ತೆ, ಮೈದಾ 125ರ ಹತ್ರ ಅಷ್ಟೇ.

ಔನ್ಸಲ್ಲೂ ಇದೇ ತೊಡಕು. ಫ್ಲೂಯಿಡ್ ಔನ್ಸ್ ಅಂತಿದ್ರೆ 29.6 ಮಿಲಿ, ಬರೀ ಔನ್ಸ್ ಅಂತ ಬೆಣ್ಣೆ, ಚಾಕ್ಲೇಟಿಗೆ ಬರ್ದಿದ್ರೆ ಅದು ತೂಕ, 28.35 ಗ್ರಾಂ.

ದೊಡ್ಡ ಅಳತೆ ಸುಲಭ. ಎರಡು ಕಪ್ಪಿಗೆ ಒಂದು ಪಿಂಟ್, ಎರಡು ಪಿಂಟಿಗೆ ಒಂದು ಕ್ವಾರ್ಟ್, ನಾಲ್ಕು ಕ್ವಾರ್ಟಿಗೆ ಒಂದು ಗ್ಯಾಲನ್, ಅದು 3.785 ಲೀಟರ್. ನಮ್ಮ 20 ಲೀಟರ್ ನೀರಿನ ಕ್ಯಾನ್ ಅಂದ್ರೆ ಐದೂಕಾಲು ಗ್ಯಾಲನ್ ಚಿಲ್ಲರೆ. ಬ್ರಿಟನ್ ಗ್ಯಾಲನ್ ಬೇರೆ, 4.546 ಲೀಟರ್, ಹಾಗಾಗಿ ರೆಸಿಪಿ ಯಾವ ದೇಶದ್ದು ಅಂತ ಮೊದ್ಲು ನೋಡ್ಕೊಳ್ಳಿ.

ನಮ್ಮ ರೆಸಿಪಿ ಇಲ್ಲಿಂದ ಅಲ್ಲಿಗೆ ಕಳಿಸೋವಾಗ ಮಿಲಿನ 236.6ರಿಂದ ಭಾಗಿಸಿ. ಅಮ್ಮನ ಶಾವಿಗೆ ಪಾಯಸಕ್ಕೆ ಒಂದು ಲೀಟರ್ ಹಾಲು ಅಂದ್ರೆ ಅಕ್ಕಂಗೆ ನಾಲ್ಕು ಕಪ್, ಮೇಲೆ ಮೂರೂವರೆ ಟೇಬಲ್ ಸ್ಪೂನ್ ಅಂತ ಬರ್ದು ಕಳಿಸಿ.