ಜೈಲಿಂದ ಬಂದವರು ಮತ್ತೆ ಒಳಗೆ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ?

ಕೋಲಾರದ ಎಪಿಎಂಸಿಯಲ್ಲಿ ನನ್ನದೊಂದು ಟೊಮೆಟೊ ಮಂಡಿ ಇದೆ. ಜೈಲಿಂದ ಬಂದ ಹುಡುಗರಿಗೆ ಹಲವು ವರ್ಷಗಳಿಂದ ಕೆಲಸ ಕೊಡುತ್ತಾ ಬಂದಿದ್ದೇನೆ. ಕೆಲವರು ನಿಂತರು, ಕೆಲವರು ವಾಪಸ್ ಹೋದರು. ಹೋದವರೆಲ್ಲ ಹೊಸದಾಗಿ ತಪ್ಪು ಮಾಡಿದವರಲ್ಲ. ಕೋರ್ಟ್ ಡೇಟ್ ತಪ್ಪಿಸಿ ವಾರೆಂಟ್ ಆದವರೂ ಇದ್ದಾರೆ. ಅದಕ್ಕೇ ಮನೆಯವರಿಗೂ ಕೆಲಸ ಕೊಡುವವರಿಗೂ ನಾನು ಮೊದಲು ಹೇಳೋದು ಡೇಟಿನ ವಿಷಯ.

ನಮ್ಮ ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಹೊರಗೆ ಬಂದಾಗ ಊರವರು 'ಬಿಟ್ಟುಬಿಟ್ರಂತೆ' ಅಂದುಕೊಳ್ಳುತ್ತಾರೆ. ಅವರು ಬಂದಿರೋದು ಬೇಲ್ ಮೇಲೆ. ಕೇಸು ಇನ್ನೂ ನಡೀತಾ ಇರುತ್ತದೆ.

ಬೇಲ್ ಆದರೂ ಜಾಮೀನು ಹಾಕೋರು ಸಿಗದೆ ಒಳಗೇ ಉಳಿಯುವವರಿದ್ದಾರೆ. ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಬರೋಕೆ ನೆಂಟರೂ ಹಿಂದೆಮುಂದೆ ನೋಡುತ್ತಾರೆ. ಜಾಮೀನುದಾರ ಬೇರೆ ಜಿಲ್ಲೆಯವನು ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಬೇಲ್ ಸಿಕ್ಕಿ 7 ದಿನ ಆದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಅದೇ ಕೋರ್ಟ್ ಸೂಚಿಸಿದೆ. ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಿ.

ಬಿಡುಗಡೆ ದಿನ ಗೇಟಿನ ಹತ್ತಿರ ಮನೆಯವರೇ ಇರಬೇಕು. ಸಂಜೆ ತಡ ಆಗಬಹುದು, ಕಾಯಿರಿ. ನೀವಿಲ್ಲದಿದ್ದರೆ ಹಳೇ ಜೊತೆಗಾರರು ಬೈಕ್ ತಂದಿರುತ್ತಾರೆ. ಆ ರಾತ್ರಿಯೇ ಬಾರಿಗೆ ಕರೆದುಕೊಂಡು ಹೋಗುತ್ತಾರೆ. ಮನೆಗೆ ಬಂದ ಮೇಲೆ ಬೈಗುಳ ಬೇಡ, ಮೊದಲು ಊಟ. ಬೆಳಗ್ಗೆ ಬೇಲ್ ಆದೇಶವನ್ನು ವಕೀಲರ ಹತ್ತಿರ ಓದಿಸಿ, ಕನ್ನಡದಲ್ಲಿ ಕೇಳಿ ತಿಳ್ಕೊಳ್ಳಿ. ಠಾಣೆಗೆ ಹೋಗಿ ಸಹಿ ಹಾಕಬೇಕಾ? ಜಿಲ್ಲೆ ಬಿಟ್ಟು ಹೋಗಬಾರದಾ? ಸಾಕ್ಷಿಗಳ ಮನೆ ಕಡೆ ಸುಳಿಯಬಾರದಾ? ಗೊತ್ತಿಲ್ಲದೆ ಷರತ್ತು ಮುರಿದರೂ ಬೇಲ್ ಹೋಗಬಹುದು.

ಡೇಟನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಗುರುತು ಮಾಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿದರೆ ಮುಂದಿನ ಡೇಟ್ ಕಾಣುತ್ತದೆ. ಜ್ವರ ಬಂದು ಹೋಗೋಕೆ ಆಗದಿದ್ದರೆ ಬೆಳಗ್ಗೆಯೇ ವಕೀಲರಿಗೆ ಹೇಳಿ, ಆ ದಿನದ ಮಟ್ಟಿಗೆ ವಿನಾಯಿತಿ ಅರ್ಜಿ ಹಾಕುತ್ತಾರೆ. ಡೇಟ್ ತಪ್ಪಿಯೇ ಹೋಗಿದ್ದರೆ ಅವಿತುಕೊಳ್ಳಬೇಡಿ. ಪೊಲೀಸರು ಬರೋ ಮುಂಚೆ ವಕೀಲರ ಜೊತೆ ಕೋರ್ಟಿಗೆ ಹಾಜರಾಗಿ ವಾರೆಂಟ್ ರೀಕಾಲ್‌ಗೆ, ಅಂದರೆ ವಾರೆಂಟ್ ವಾಪಸ್ ತಗೊಳ್ಳಿ ಅಂತ, ಕೇಳಿಕೊಳ್ಳಿ.

ನನ್ನಂಥ ಮಾಲೀಕರಿಗೆ ಒಂದು ಮಾತು. ಕೋರ್ಟ್ ದಿನ ರಜೆ ಕೊಡಿ, ಆದರೆ ಅರ್ಧ ದಿನದ ಕೂಲಿಯಾದರೂ ಕೊಡಿ. ಕೂಲಿ ಹೋಗುತ್ತೆ ಅಂತಲೇ ಎಷ್ಟೋ ಹುಡುಗರು ಡೇಟ್ ತಪ್ಪಿಸುತ್ತಾರೆ. ಸೀಸನ್‌ನಲ್ಲಿ ಲಾರಿ ನಿಂತಿರುವಾಗ ಇದು ಕಷ್ಟ, ನನಗೂ ಗೊತ್ತು. ಆದರೂ ಕೊಡಿ.

ಯಾವ ಕೆಲಸ ಕೊಡೋದು? ನಾನು ಗ್ರೇಡಿಂಗ್‌ನಿಂದ ಶುರು ಮಾಡಿಸುತ್ತೇನೆ. ಹಣ್ಣು, ದೋರೆ, ಒಡಕು ಅಂತ ಬೇರೆ ಮಾಡಿ, 15 ಕೆಜಿ ಬಾಕ್ಸಿಗೆ ತುಂಬೋದು. ಆಮೇಲೆ ಲೋಡಿಂಗ್. ಗಲ್ಲಾಪೆಟ್ಟಿಗೆ ಹತ್ತಿರ ಮೊದಲೇ ಕೂರಿಸಬೇಡಿ. ಅವನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಇನ್ನೂರು ರೂಪಾಯಿ ಕಮ್ಮಿ ಬಂದರೂ ಎಲ್ಲರ ಕಣ್ಣು ಅವನ ಮೇಲೇ ಹೋಗುತ್ತದೆ. ಆ ಅವಮಾನ ಅವನಿಗೆ ಬೇಡ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋದರೆ ಪೊಲೀಸ್ ವೆರಿಫಿಕೇಷನ್ ಕೇಳಬಹುದು. ಮುಚ್ಚಿಟ್ಟು ಸೇರಿ ಆಮೇಲೆ ಸಿಕ್ಕಿಬೀಳೋದಕ್ಕಿಂತ ಗುತ್ತಿಗೆದಾರರಿಗೆ ಮೊದಲೇ ಹೇಳೋದು ಒಳ್ಳೇದು.

ಹಾಜರಿ ಪುಸ್ತಕ ಮಾತ್ರ ಖಂಡಿತ ಇಡಿ. ಬಂದ ಹೊತ್ತು, ಹೋದ ಹೊತ್ತು, ಪಕ್ಕದಲ್ಲಿ ಅವನ ಸಹಿ. ನಮ್ಮ ಕಡೆ ಬೋರ್‌ವೆಲ್ ಕೇಬಲ್ ಕಳ್ಳತನ ಜಾಸ್ತಿ, ಅಲ್ವಾ? ಎಲ್ಲೇ ಕೇಬಲ್ ಹೋಗಲಿ, ಮೊದಲು ಹುಡುಕೋದು ಜೈಲು ಕಂಡವನನ್ನೇ. ಬಂಗಾರಪೇಟೆ ಕಡೆಯ ಹುಡುಗನೊಬ್ಬನನ್ನು ಹೀಗೇ ಕರೆಸಿದ್ದರು. ಹಿಂದಿನ ರಾತ್ರಿ ಎರಡು ಗಂಟೆ ತನಕ ಅವನು ನಮ್ಮಲ್ಲಿ ಲಾರಿ ತುಂಬುತ್ತಿದ್ದ. ಪುಸ್ತಕ ತಗೊಂಡು ನಾನೇ ಠಾಣೆಗೆ ಹೋದೆ. ಆ ಪುಟದಲ್ಲಿ ಅವನ ಸಹಿ, ಕೆಳಗೆ ಲಾರಿ ನಂಬರ್, ಬಾಕ್ಸ್ ಲೆಕ್ಕ. ಒಂದೇ ಗಂಟೆಯಲ್ಲಿ ಕಳಿಸಿದರು. ವಾಪಸ್ ಬರುವಾಗ ಅವನು 'ಅಣ್ಣಾ, ನನ್ನ ಪರವಾಗಿ ಯಾರೂ ಠಾಣೆಗೆ ಬಂದಿರಲಿಲ್ಲ' ಅಂದ.

ಕಾಗದಪತ್ರದಲ್ಲಿ ಜನ ಮರೆಯೋದು ಮೊಬೈಲ್ ನಂಬರ್. ಒಳಗಿದ್ದಾಗ ರೀಚಾರ್ಜ್ ಇಲ್ಲದೆ ಸಿಮ್ ಹೋಗಿರುತ್ತದೆ. ಆಧಾರ್ ಒಟಿಪಿ ಮಾತ್ರ ಆ ಸತ್ತ ನಂಬರಿಗೇ ಹೋಗುತ್ತಿರುತ್ತದೆ. ಹಾಗಾಗಿ ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ನಂಬರ್ ಬದಲಾವಣೆ, ಅದಾದ ಮೇಲೆ ಬ್ಯಾಂಕು, ರೇಷನ್ ಕಾರ್ಡ್. ಬೇಲ್ ಮೇಲೆ ಹೊರಗಿರುವವರು ವೋಟೂ ಹಾಕಬಹುದು, ಪಟ್ಟಿಯಲ್ಲಿ ಹೆಸರಿದೆಯಾ ನೋಡಿ.

ಕುಡಿತ ಬಿಡಿಸೋಕೆ ಆಣೆ ಪ್ರಮಾಣ ಒಂದೇ ಸಾಲದು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ. ನಿದ್ದೆ ಬರದೆ ಒದ್ದಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇಸು ಖುಲಾಸೆ ಆದರೆ ಖುಷಿಯಲ್ಲಿ ಸುಮ್ನೆ ಮನೆಗೆ ಬಂದುಬಿಡಬೇಡಿ. ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಒಂದು ಜೆರಾಕ್ಸ್ ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ರೌಡಿ ಶೀಟ್ ಇದ್ದರೆ ಅದೇ ಪ್ರತಿ ಲಗತ್ತಿಸಿ, ಮುಚ್ಚಿ ಅಂತ ಎಸ್‌ಪಿಯವರಿಗೆ ಮನವಿ ಕೊಡಿ. ತಪ್ಪಿತಸ್ಥ ಅಂತ ತೀರ್ಪಾದರೂ ಜೈಲಿಗೆ ಕಳಿಸದೆ 1958ರ ಪ್ರೊಬೇಷನ್ ಕಾಯ್ದೆಯಡಿ ಬಿಟ್ಟಿದ್ದರೆ, ಆ ತೀರ್ಪಿನಿಂದ ಬರುವ ಅನರ್ಹತೆ ಅಂಟುವುದಿಲ್ಲ ಅಂತ ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಕೆಲಸ ಕೇಳೋಕೆ ಹೋಗುವಾಗ ಆ ಆದೇಶದ ಪ್ರತಿ ಜೊತೆಗಿರಲಿ.